ಕಾಲೇಜ್ ಲೈಬ್ರರಿಲಿ ಪ್ರಾಚೀನ ಶಿಲ್ಪಕಲೆ ಬಗ್ಗೆ ರಿಸರ್ಚ್ ಮಾಡೋದು ಹೇಗೆ: ಮುಂಬೈ, ಪುಣೆ, ಗೋವಾದಲ್ಲಿ ಓದ್ತಿರೋ ಕನ್ನಡದವರಿಗೆ ಹಂತ ಹಂತವಾಗಿ

ಪ್ರಾಜೆಕ್ಟ್ ಕೊಡೋ ಟೈಮ್ ಬಂತು ಅಂದ್ರೆ ಒಂದೇ ಥರದ ಪ್ರಶ್ನೆ ಬರೋಕೆ ಶುರು ಆಗುತ್ತೆ. "ಟಾಪಿಕ್ ಬಾದಾಮಿ ಗುಹೆಗಳು, ನಮ್ ಲೈಬ್ರರಿಲಿ ಏನೂ ಇಲ್ಲ, ಏನ್ ಮಾಡ್ಲಿ?" ಏನೂ ಇಲ್ಲ ಅನ್ನೋದು ಬಹಳ ಸಲ ನಿಜ ಅಲ್ಲ. ಕಂಪ್ಯೂಟರ್‌ನಲ್ಲಿ ಬಾದಾಮಿ ಅಂತ ಟೈಪ್ ಮಾಡಿ, ಬಂದ ಎರಡು ಫೋಟೋ ಪುಸ್ತಕ ತಿರುವಿ ಹಾಕಿ, ಆಮೇಲೆ ಗೂಗಲ್‌ಗೆ ಹೋಗಿ, ಅಲ್ಲಿ ಸಿಕ್ಕಿದ್ದನ್ನ ಕಾಪಿ ಮಾಡಿ, ಪ್ರಾಜೆಕ್ಟ್ ಗೈಡ್ ಮುಂದೆ ಕೂತಾಗ "ಇದು ಎಲ್ಲಿಂದ ತಗೊಂಡ್ರಿ" ಅಂತ ಕೇಳಿದ್ರೆ ಉತ್ತರ ಇಲ್ಲ, ಹೀಗಾಗ್ತಿದೆ. ಪುಸ್ತಕ ಇಲ್ಲ ಅಂತಲ್ಲ, ಹುಡುಕೋ ಕ್ರಮ ತಲೆಕೆಳಗಾಗಿದೆ. ಅದಕ್ಕೇ ಕ್ರಮವನ್ನೇ ಇಲ್ಲಿ ಬರೀತಿದೀನಿ. ಉದಾಹರಣೆಗೆ ಬಾದಾಮಿಯನ್ನೇ ಇಟ್ಕೊಳ್ತೀನಿ, ನಿಮ್ಮದು ಎಲಿಫೆಂಟಾ, ಕಾರ್ಲೆ, ಐಹೊಳೆ ಯಾವುದಾದ್ರೂ ದಾರಿ ಇದೇ.

ಏನೇನು ಬೇಕು

ಕಾಲೇಜ್ ಐಡಿ ಕಾರ್ಡ್, ಪೆನ್ಸಿಲ್ (ಹಳೇ ಪುಸ್ತಕದ ಹತ್ರ ಪೆನ್ ಬೇಡ, ಎಷ್ಟೋ ಕಡೆ ಬಿಡೋದೂ ಇಲ್ಲ), ಒಂದು ಅಡಿ ಸ್ಕೇಲ್, ಒಂದು ನೋಟ್‌ಬುಕ್, ಫೋನ್. ಲ್ಯಾಪ್‌ಟಾಪ್ ಇದ್ರೆ ಜೊಟೆರೋ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಓದಿದ ಪುಸ್ತಕದ ವಿವರ ಅದ್ರಲ್ಲಿ ಸೇವ್ ಆಗ್ತಾ ಹೋಗುತ್ತೆ, ಕೊನೇಲಿ ಗ್ರಂಥಋಣ ಮಾಡೋ ತಲೆನೋವು ಇರಲ್ಲ. ಇಲ್ದಿದ್ರೂ ನೋಟ್‌ಬುಕ್ ಸಾಕು. ಸ್ಕೇಲ್ ಯಾಕೆ ಅಂತ ಚಿತ್ರದ ಹಂತದಲ್ಲಿ ಗೊತ್ತಾಗುತ್ತೆ.

ಹಂತ 1: ಪ್ರಶ್ನೆ ಚಿಕ್ಕದು ಮಾಡ್ಕೊಳ್ಳಿ

ಬಾದಾಮಿ ಗುಹೆಗಳು ಅನ್ನೋದು ಪ್ರಶ್ನೆ ಅಲ್ಲ, ಊರಿನ ಹೆಸರು. ಅದನ್ನ ಇಟ್ಕೊಂಡು ಲೈಬ್ರರಿಗೆ ಹೋದ್ರೆ ಸಿಗೋದೆಲ್ಲಾ ಬೇಕು ಅನ್ಸುತ್ತೆ, ಯಾವುದೂ ಉಪಯೋಗಕ್ಕೆ ಬರಲ್ಲ. ಒಂದು ಶಿಲ್ಪಕ್ಕೆ ಅಥವಾ ಎರಡು ಶಿಲ್ಪದ ಹೋಲಿಕೆಗೆ ಇಳಿಸಿ. ಉದಾಹರಣೆಗೆ ಬಾದಾಮಿಯ 2ನೇ ಗುಹೆಲೂ ತ್ರಿವಿಕ್ರಮ (ವಾಮನ ಬೆಳೆದು ಮೂರು ಹೆಜ್ಜೆ ಇಡೋ ವಿಷ್ಣು ರೂಪ) ಇದ್ದಾನೆ, 3ನೇ ಗುಹೆಲೂ ಇದ್ದಾನೆ. ಎರಡರಲ್ಲಿ ಏನು ವ್ಯತ್ಯಾಸ, ಯಾವುದು ಮೊದಲು ಕೆತ್ತಿದ್ದು ಅಂತ ಯಾರ್ಯಾರು ಯಾವ ಕಾರಣಕ್ಕೆ ಹೇಳಿದ್ದಾರೆ? ಇದು ಪ್ರಶ್ನೆ. ಈಗ ಯಾವ ಪುಸ್ತಕ ತೆಗೆದ್ರೂ ಯಾವ ಪುಟ ನೋಡ್ಬೇಕು ಅಂತ ನಿಮಗೆ ಗೊತ್ತಿರುತ್ತೆ.

ಪ್ರಶ್ನೆ ಸರಿ ಇದೆಯಾ ಅಂತ ನೋಡೋಕೆ ಒಂದು ಪರೀಕ್ಷೆ ಮಾಡಿ. ಅದರಲ್ಲಿ ಜಾಗದ ಹೆಸರು, ವಸ್ತುವಿನ ಹೆಸರು, ಏನು ಗೊತ್ತಾಗ್ಬೇಕು ಅನ್ನೋದು ಮೂರೂ ಇರ್ಬೇಕು. "ಚಾಲುಕ್ಯರ ಕಲೆಯ ವೈಶಿಷ್ಟ್ಯಗಳು" ಅನ್ನೋದ್ರಲ್ಲಿ ಮೂರರಲ್ಲಿ ಒಂದೂ ಸರಿಯಾಗಿ ಇಲ್ಲ. ಗೈಡ್ ಇಂಥಾ ದೊಡ್ಡ ಟಾಪಿಕ್ ಕೊಟ್ಟಿದ್ರೂ ಒಳಗೆ ನೀವು ಚಿಕ್ಕ ಪ್ರಶ್ನೆ ಇಟ್ಕೊಂಡೇ ಕೆಲಸ ಮಾಡಿ, ಶೀರ್ಷಿಕೆ ಆಮೇಲೆ ಹೊಂದಿಸ್ಬಹುದು.

ಹಂತ 2: ಹೆಸರುಗಳ ಪಟ್ಟಿ, ಕ್ಯಾಟಲಾಗ್ ಮುಟ್ಟೋಕೆ ಮುಂಚೆ

ಅರ್ಧಕ್ಕರ್ಧ ಜನ ಸೋಲೋದು ಇಲ್ಲೇ, ಅದಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ.

ಒಂದೇ ಜಾಗಕ್ಕೆ ಒಂದೇ ರಾಜವಂಶಕ್ಕೆ ಕ್ಯಾಟಲಾಗ್‌ನಲ್ಲಿ ನಾಲ್ಕೈದು ಥರ ಹೆಸರು ಇರುತ್ತೆ. ಇಂಗ್ಲಿಷ್‌ನಲ್ಲಿ ಚಾಲುಕ್ಯ ಅಂತ ಕೆಲವರು ಸಿ-ಎಚ್ ಹಾಕಿ ಬರೀತಾರೆ, ಕೆಲವರು ಬರೀ ಸಿ ಹಾಕ್ತಾರೆ, ಹಳಬರು ಚಾಲುಕ್ಯನ್ ಅಂತ ಕೊನೇಲಿ ಎನ್ ಸೇರಿಸ್ತಾರೆ. ಬಾದಾಮಿ ಚಾಲುಕ್ಯರನ್ನೇ ಒಬ್ರು ಅರ್ಲಿ ಚಾಲುಕ್ಯ ಅಂದ್ರೆ ಇನ್ನೊಬ್ರು ವೆಸ್ಟರ್ನ್ ಚಾಲುಕ್ಯ ಅಂತಾರೆ, ಅದೇ ವೆಸ್ಟರ್ನ್ ಅನ್ನೋ ಹೆಸರು ಕಲ್ಯಾಣದ ಚಾಲುಕ್ಯರಿಗೂ ಇದೆ, ಅಲ್ಲಿಗೆ ಹೋಗಿ ಸಿಕ್ಕಾಕ್ಕೊಂಡ್ರೆ ನಾಲ್ಕು ಶತಮಾನ ತಪ್ಪಿಹೋಗುತ್ತೆ. ಊರಿಗೂ ಹಂಗೇ, ಬಾದಾಮಿ ಅಂತಲೂ ಹುಡುಕಿ ವಾತಾಪಿ ಅಂತಲೂ ಹುಡುಕಿ. ಐಹೊಳೆಗೆ ಅಯ್ಯಾವೊಳೆ, ಐವಳ್ಳಿ. ಪಟ್ಟದಕಲ್ಲಿಗೆ ಕಿಸುವೊಳಲ್.

ಇನ್ನೊಂದು ವಿಷ್ಯ ಬಹಳ ಜನಕ್ಕೆ ಹೊಳೆಯೋದೇ ಇಲ್ಲ. ಹಳೇ ಪುಸ್ತಕ, ಹಳೇ ವರದಿ ಎಲ್ಲಾ ಜಿಲ್ಲೆ ಪ್ರಕಾರ ಇರುತ್ತೆ, ಆ ಜಿಲ್ಲೆ ಈಗಿನ ಜಿಲ್ಲೆ ಅಲ್ಲ. ಬಾದಾಮಿ ಈಗ ಬಾಗಲಕೋಟೆ ಜಿಲ್ಲೆ, ಆದ್ರೆ ಆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೆ ಮುಂಚೆ ಬಿಜಾಪುರ, ಅದಕ್ಕೂ ಮುಂಚೆ, ಅಂದ್ರೆ 1880ರ ದಶಕದ ತನಕ, ಕಲಾದಗಿ. ಜೇಮ್ಸ್ ಬರ್ಜೆಸ್ 1874ರಲ್ಲಿ ತಂದ ಮೊದಲ ಪುರಾತತ್ವ ಸರ್ವೆ ವರದಿ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆ ಅನ್ನೋ ಹೆಸರಲ್ಲಿದೆ, ಬಾಂಬೆ ಗೆಜೆಟಿಯರ್‌ನಲ್ಲಿ (ಬ್ರಿಟಿಷ್ ಸರ್ಕಾರ ಜಿಲ್ಲೆವಾರು ವಿವರ ಬರೆಸಿದ ಸಂಪುಟಗಳು) ಬಾದಾಮಿ ಬೇಕಂದ್ರೆ 23ನೇ ಸಂಪುಟ ಬಿಜಾಪುರ, 1884ರದ್ದು. ಹೆನ್ರಿ ಕೌಸೆನ್ಸ್ 1926ರಲ್ಲಿ ಚಾಲುಕ್ಯ ವಾಸ್ತು ಬಗ್ಗೆ ತಂದ ದೊಡ್ಡ ಪುಸ್ತಕದ ಶೀರ್ಷಿಕೆಲಿ ಬಾದಾಮಿನೂ ಇಲ್ಲ ಕರ್ನಾಟಕನೂ ಇಲ್ಲ, ಕೆನರೀಸ್ ಡಿಸ್ಟ್ರಿಕ್ಟ್ಸ್ ಅಂತ ಇದೆ. ಬಾದಾಮಿ ಅಂತ ಟೈಪ್ ಮಾಡಿದ್ರೆ ಈ ಮೂರೂ ಬರದೇ ಇರಬಹುದು, ಮೂರೂ ನಿಮ್ಮ ಲೈಬ್ರರಿಲೇ ಇದ್ರೂ.

ಇದೇ ಕಾರಣಕ್ಕೆ ಮುಂಬೈ-ಪುಣೆಲಿ ಓದೋರಿಗೆ ಒಂದು ಅನುಕೂಲ ಇದೆ, ಅದನ್ನ ಯಾರೂ ಬಳಸ್ಕೊಳ್ತಿಲ್ಲ. ಬಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ 1956ರ ತನಕ ಬಾಂಬೆ ಸರ್ಕಾರದ ಆಡಳಿತಕ್ಕೇ ಸೇರಿದ್ವು. ಹಾಗಾಗಿ ನಮ್ಮ ಕಡೆಯ ಹಳೇ ಸರ್ವೆ ವರದಿಗಳು, ಗೆಜೆಟಿಯರ್‌ಗಳು ಇಲ್ಲಿನ ಹಳೇ ಕಾಲೇಜ್‌ಗಳ ಕಪಾಟಲ್ಲಿ ಸಿಗೋ ಸಾಧ್ಯತೆ ಚೆನ್ನಾಗೇ ಇದೆ. "ಇದಕ್ಕೆಲ್ಲಾ ಬೆಂಗಳೂರಿಗೇ ಹೋಗ್ಬೇಕು" ಅಂತ ಮೊದಲೇ ಕೈಚೆಲ್ಲಬೇಡಿ.

ಎಲಿಫೆಂಟಾ ತಗೊಂಡೋರು ಊರಿಗೆ ಘಾರಾಪುರಿ ಅಂತಲೂ ಸೇರಿಸಿ, ಅಲ್ಲಿಯ ಮೂರು ಮುಖದ ದೊಡ್ಡ ಶಿಲ್ಪಕ್ಕೆ ತ್ರಿಮೂರ್ತಿ, ಸದಾಶಿವ, ಮಹೇಶಮೂರ್ತಿ ಮೂರೂ ಹೆಸರಲ್ಲಿ ಹುಡುಕಿ. ಗೋವಾದವರು ಅರ್ವಳೆ ಗುಹೆಗೆ ಹರ್ವಳೆ ಅಂತಲೂ, ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಕೊನೆಗೆ ಎಂ ಇದ್ದೂ ಇಲ್ದೆನೂ ನೋಡಿ, ಪೋರ್ಚುಗೀಸ್ ಕಾಲದ ಬರವಣಿಗೆ ಹಂಗಿರುತ್ತೆ. ಪುಣೆ ಕಡೆ ಮರಾಠಿ ಪುಸ್ತಕಕ್ಕೆ ಲೇಣಿ (ಗುಹೆ), ಶಿಲ್ಪ, ಮೂರ್ತಿಶಾಸ್ತ್ರ ಅನ್ನೋ ಪದ ಹಾಕಿ ನೋಡಿ. ಇಲ್ಲಿನ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕದ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಎಂಟ್ರಿ ಮಾಡಿರ್ತಾರೆ, ಶಾಸನ ಅನ್ನೋದು ಎಸ್-ಎಚ್ ಹಾಕಿಯೂ ಇರಬಹುದು, ಬರೀ ಎಸ್ ಹಾಕಿಯೂ ಇರಬಹುದು, ಎರಡೂ ನೋಡಿ.

ಈ ಪಟ್ಟಿ ಒಂದು ಪುಟ ಆಗ್ಬೇಕು. ಆಮೇಲೂ ಹೊಸ ಹೆಸರು ಸಿಕ್ಕಾಗೆಲ್ಲಾ ಸೇರಿಸ್ತಾ ಹೋಗಿ.

ಹಂತ 3: ಇತ್ತೀಚಿನ ಒಂದು ಪುಸ್ತಕದಿಂದ ಶುರು ಮಾಡಿ, ಹಳೇದ್ರಿಂದ ಅಲ್ಲ

ಹಳೇ ಪುಸ್ತಕ ದಪ್ಪ ಇರುತ್ತೆ, ಫ್ರೀ ಸ್ಕ್ಯಾನ್ ಸಿಗುತ್ತೆ, ಅದಕ್ಕೆ ಎಲ್ರೂ ಮೊದಲು ಅದನ್ನೇ ಹಿಡಿತಾರೆ. ತಪ್ಪು. ಮೊದಲು ಇತ್ತೀಚೆಗೆ ಬಂದ, ಫುಟ್‌ನೋಟ್ ಇರೋ ಒಂದು ಪುಸ್ತಕ ಅಥವಾ ಲೇಖನ ಹುಡುಕಿ. ಫುಟ್‌ನೋಟ್ ಇಲ್ದಿರೋದು ಎಷ್ಟೇ ಚಂದ ಇದ್ರೂ ಈ ಹಂತಕ್ಕೆ ಬೇಡ.

ಕಾರಣ ಹೇಳ್ತೀನಿ ಕೇಳಿ. ಬಾದಾಮಿಯ ಕೋಟೆ ಬಂಡೆ ಮೇಲೆ 1ನೇ ಪುಲಕೇಶಿಯ ಶಾಸನ ಇದೆ, ಶಕ 465, ಅಂದ್ರೆ ಕ್ರಿ.ಶ. 543. ಅವನು ಅಲ್ಲಿ ಕೋಟೆ ಕಟ್ಟಿದ ಅನ್ನೋದಕ್ಕೆ ಇವತ್ತು ಎಲ್ಲರೂ ತೋರಿಸೋ ಆಧಾರ ಅದು. ಆದ್ರೆ ಅದನ್ನ ಆರ್.ಎಸ್. ಪಂಚಮುಖಿಯವರು ಎಪಿಗ್ರಾಫಿಯಾ ಇಂಡಿಕಾ ಅನ್ನೋ ಶಾಸನಗಳ ಜರ್ನಲ್‌ನ 27ನೇ ಸಂಪುಟದಲ್ಲಿ ಪ್ರಕಟ ಮಾಡಿದ್ದು, ಆ ಸಂಪುಟದ ವರ್ಷ 1947-48. ಈಗ ಯೋಚ್ನೆ ಮಾಡಿ, 1926ರ ಕೌಸೆನ್ಸ್ ಪುಸ್ತಕಕ್ಕಾಗಲಿ, ಆರ್.ಡಿ. ಬ್ಯಾನರ್ಜಿಯವರು 1928ರಲ್ಲಿ ಬಾದಾಮಿಯ ಉಬ್ಬುಶಿಲ್ಪಗಳ ಬಗ್ಗೆ ಬರೆದ ಪುರಾತತ್ವ ಇಲಾಖೆಯ 25ನೇ ಮೆಮೊಯಿರ್ ಅನ್ನೋ ವರದಿಗಾಗಲಿ ಈ ಶಾಸನ ಗೊತ್ತಿರೋಕೆ ಸಾಧ್ಯನೇ ಇರ್ಲಿಲ್ಲ. ಅವ್ರ ಶಿಲ್ಪ ವರ್ಣನೆ ಇವತ್ತಿಗೂ ಉಪಯೋಗಕ್ಕೆ ಬರುತ್ತೆ, ಅವ್ರ ಕಾಲನಿರ್ಣಯವನ್ನ ಹಂಗಂಗೇ ಎತ್ತಿ ಬರೆದ್ರೆ ಮಾತ್ರ ಕಷ್ಟ. ಎಲಿಫೆಂಟಾದಲ್ಲೂ ಇದೇ ಕಥೆ, ಹಳೇ ಪುಸ್ತಕದಲ್ಲಿ 8ನೇ ಶತಮಾನ ಅಂತ ಇರುತ್ತೆ, ಈಗ ಬಹಳ ವಿದ್ವಾಂಸರು 6ನೇ ಶತಮಾನದ ಮಧ್ಯಭಾಗ, ಕಲಚುರಿ ಅನ್ನೋ ರಾಜವಂಶದ ಕಾಲ ಅಂತಾರೆ, ದ್ವೀಪದಲ್ಲಿ ಸಿಕ್ಕ ಕಲಚುರಿ ಕೃಷ್ಣರಾಜನ ನಾಣ್ಯಗಳೂ ಅದಕ್ಕೊಂದು ಆಧಾರ.

ಹಾಗಾಗಿ ಹೊಸದ್ರಿಂದ ಶುರು ಮಾಡಿ, ಅದರ ಫುಟ್‌ನೋಟ್ ಹಿಡ್ಕೊಂಡು ಹಿಂದಕ್ಕೆ ಹೋಗ್ಬೇಕು. ಮೊದಲು ನಿಮ್ಮ ಶಿಲ್ಪದ ಬಗ್ಗೆ ಇರೋ ಪುಟಗಳನ್ನ ಮಾತ್ರ ಓದಿ, ಕೊನೇಲಿರೋ ಇಂಡೆಕ್ಸ್‌ನಿಂದ ಪುಟ ಸಂಖ್ಯೆ ಸಿಗುತ್ತೆ. ಆ ಪುಟಗಳಲ್ಲಿ ಬರೋ ಪ್ರತಿ ಫುಟ್‌ನೋಟ್ ನೋಟ್‌ಬುಕ್‌ಗೆ ಇಳಿಸಿ. ಇನ್ನೆರಡು ಪುಸ್ತಕಕ್ಕೆ ಇದೇ ಮಾಡಿ. ಮೂರರಲ್ಲೂ ಬಂದ ಹೆಸರು ಯಾವುದು ಅಂತ ಗುರುತು ಹಾಕಿ, ಅದು ನೀವು ಖಂಡಿತ ಓದಬೇಕಾದದ್ದು.

ಹಂತ 4: ಕ್ಯಾಟಲಾಗ್, ಆಮೇಲೆ ಕಪಾಟು

ಈಗ ಓಪ್ಯಾಕ್ (ಲೈಬ್ರರಿಯ ಕಂಪ್ಯೂಟರ್ ಕ್ಯಾಟಲಾಗ್) ಮುಂದೆ ಕೂತ್ಕೊಳ್ಳಿ. ಶೀರ್ಷಿಕೆಯಿಂದ ಹುಡುಕೋದು ಕೊನೆಗೆ, ಮೊದಲು ಲೇಖಕರ ಹೆಸರು, ಆಮೇಲೆ ವಿಷಯ. ಒಂದು ಪುಸ್ತಕ ಸಿಕ್ತು ಅಂದ್ರೆ ಅದರ ಪೂರ್ತಿ ರೆಕಾರ್ಡ್ ತೆರೆದು ಸಬ್ಜೆಕ್ಟ್ ಅಂತ ಏನು ಹಾಕಿದ್ದಾರೆ ನೋಡಿ, ಅದರ ಮೇಲೆ ಕ್ಲಿಕ್ ಮಾಡಿದ್ರೆ ಅದೇ ವಿಷಯದ ಬೇರೆ ಪುಸ್ತಕಗಳು ಬರುತ್ತೆ. ನೀವು ಊಹಿಸಿ ಟೈಪ್ ಮಾಡಿದ್ದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತೆ.

ಕಾಲ್ ನಂಬರ್ (ಪುಸ್ತಕ ಎಲ್ಲಿಟ್ಟಿದೆ ಅಂತ ಹೇಳೋ ನಂಬರ್) ಬರ್ಕೊಂಡು ಕಪಾಟಿಗೆ ಹೋಗಿ. ಡ್ಯೂಯಿ ನಂಬರ್ (ವಿಷಯಕ್ಕೆ ತಕ್ಕ ಹಾಗೆ ಪುಸ್ತಕಕ್ಕೆ ಕೊಡೋ ಅಂಕಿ) ಇರೋ ಲೈಬ್ರರಿಲಿ ನಮ್ಮ ವಿಷ್ಯ ಒಂದೇ ಕಡೆ ಇರಲ್ಲ, ಚದುರಿ ಹೋಗಿರುತ್ತೆ, ಇದು ಗೊತ್ತಿಲ್ದೆ ಒಂದೇ ರ‍್ಯಾಕ್ ನೋಡಿ ವಾಪಸ್ ಬರ್ತಾರೆ. ಭಾರತೀಯ ಕಲೆಯ ಇತಿಹಾಸ 709.54ರಲ್ಲಿ. ಶಿಲ್ಪ 730ರ ಸುತ್ತ, ಪ್ರಾಚೀನ ಶಿಲ್ಪ 732. ಗುಡಿ, ಗುಹಾಲಯದ ವಾಸ್ತು 726. ಪ್ರಾಚೀನ ಭಾರತದ ಇತಿಹಾಸ 934, ಅದರ ನಂತರದ್ದು 954. ದೇವರ ಮೂರ್ತಿ ಲಕ್ಷಣದ ಪುಸ್ತಕ 704.9ರಲ್ಲೂ ಇರಬಹುದು, ಹಿಂದೂ ಧರ್ಮದ 294.5ರಲ್ಲೂ ಇರಬಹುದು. ನಮ್ಮ ತ್ರಿವಿಕ್ರಮನ ಪ್ರಶ್ನೆಗೆ ಇಷ್ಟೂ ಕಡೆ ಒಂದು ಸುತ್ತು ಹೋಗ್ಲೇಬೇಕು. ಪ್ರತಿ ಕಡೆ ನೀವು ಹುಡುಕಿದ ಪುಸ್ತಕದ ಎಡಬಲ ಇರೋದನ್ನೂ ತೆಗೆದು ಇಂಡೆಕ್ಸ್ ನೋಡಿ.

ದೊಡ್ಡ ಸೈಜಿನ ಚಿತ್ರದ ಪುಸ್ತಕ ಸಾಮಾನ್ಯವಾಗಿ ಬೇರೆ ಕಪಾಟಲ್ಲಿ ಇರುತ್ತೆ, ಕ್ಯಾಟಲಾಗ್‌ನಲ್ಲಿ ಇದೆ ರ‍್ಯಾಕ್‌ನಲ್ಲಿ ಇಲ್ಲ ಅಂದ್ರೆ ಮೊದಲು ಅದನ್ನ ಕೇಳಿ. ಇಶ್ಯೂ ಆಗಲ್ಲ, ಅಲ್ಲೇ ಕೂತು ನೋಡ್ಬೇಕು.

ಕೌಂಟರ್‌ನಲ್ಲಿ ಕೇಳೋ ರೀತಿನೂ ಮುಖ್ಯ. "ಸರ್, ಬಾದಾಮಿ ಬಗ್ಗೆ ಪುಸ್ತಕ ಇದೆಯಾ" ಅಂದ್ರೆ ಅವ್ರೂ ಓಪ್ಯಾಕ್‌ನಲ್ಲಿ ಬಾದಾಮಿ ಅಂತಾನೇ ಹಾಕ್ತಾರೆ. ಬದಲಿಗೆ "ಸರ್, ಎಪಿಗ್ರಾಫಿಯಾ ಇಂಡಿಕಾ 27ನೇ ವಾಲ್ಯೂಮ್ ಬೇಕಿತ್ತು, ಹಳೇ ಬೌಂಡ್ ವಾಲ್ಯೂಮ್ ಎಲ್ಲಿಟ್ಟಿದ್ದೀರಿ?" ಅಂತ ಕೇಳಿ. ಲೈಬ್ರರಿಯನ್‌ಗೂ ನೀವು ಕೆಲಸ ಮಾಡ್ತಿದೀರಿ ಅಂತ ಗೊತ್ತಾಗುತ್ತೆ, ಬೀಗ ಹಾಕಿದ ಕಪಾಟೂ ತೆಗೀತಾರೆ.

ಹಂತ 5: ಫುಟ್‌ನೋಟ್ ಬಿಡಿಸೋದು, ಜರ್ನಲ್ ಹಿಡಿಯೋದು

ಫುಟ್‌ನೋಟ್‌ನಲ್ಲಿ "ಇ.ಐ., 27, ಪು. 4" ಅಂತ ಇರುತ್ತೆ. ಇ.ಐ. ಏನು ಅಂತ ಗೊತ್ತಾಗದೇ ಬಹಳ ಜನ ಮುಂದೆ ಹೋಗ್ತಾರೆ. ಪ್ರತಿ ಗಂಭೀರ ಪುಸ್ತಕದ ಮೊದಲ ಪುಟಗಳಲ್ಲಿ ಸಂಕ್ಷೇಪಗಳ ಪಟ್ಟಿ ಇರುತ್ತೆ, ಅದನ್ನ ಮೊದಲೇ ಫೋಟೋ ತೆಗೆದಿಟ್ಕೊಳ್ಳಿ. ನಮ್ಮ ವಿಷ್ಯಕ್ಕೆ ಪದೇ ಪದೇ ಬರೋದು ಕೆಲವೇ. ಇ.ಐ. ಅಂದ್ರೆ ಎಪಿಗ್ರಾಫಿಯಾ ಇಂಡಿಕಾ. ಐ.ಎ. ಅಂದ್ರೆ ಇಂಡಿಯನ್ ಆಂಟಿಕ್ವರಿ, 1872ರಲ್ಲಿ ಬರ್ಜೆಸ್ ಶುರು ಮಾಡಿದ್ದು. ಎಸ್.ಐ.ಐ. ಅಂದ್ರೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್. ಜೆ.ಬಿ.ಬಿ.ಆರ್.ಎ.ಎಸ್. ಅಂದ್ರೆ ಮುಂಬೈ ಏಷ್ಯಾಟಿಕ್ ಸೊಸೈಟಿಯ ಹಳೇ ಜರ್ನಲ್. ಆ ನಂಬರ್ 27 ಅನ್ನೋದು ಸಂಪುಟ, 4 ಪುಟ. ಹಳೇದ್ರಲ್ಲಿ ಸಂಪುಟ ಸಂಖ್ಯೆ ರೋಮನ್ ಅಂಕಿಲಿ ಇರುತ್ತೆ, ಅವಸರದಲ್ಲಿ ಓದಿದ್ರೆ ತಪ್ಪು ಸಂಪುಟ ತೆಗೀತೀರಿ.

ಕಾರ್ಲೆ, ಭಾಜೆ, ಕಾನ್ಹೇರಿ, ನಾಸಿಕ್ ಗುಹೆ ಮೇಲೆ ಕೆಲಸ ಮಾಡೋರಿಗೆ ಒಂದು ಕೀಲಿಕೈ ಇದೆ. ಎಪಿಗ್ರಾಫಿಯಾ ಇಂಡಿಕಾ 10ನೇ ಸಂಪುಟದ ಅನುಬಂಧವಾಗಿ ಲೂಡರ್ಸ್ ಅನ್ನೋ ಜರ್ಮನ್ ವಿದ್ವಾಂಸ ಮಾಡಿದ ಬ್ರಾಹ್ಮಿ ಲಿಪಿ ಶಾಸನಗಳ ಪಟ್ಟಿ. ಅಲ್ಲಿ ಪ್ರತಿ ಶಾಸನಕ್ಕೆ ಒಂದು ನಂಬರ್ ಇದೆ, ಆಮೇಲೆ ಬರೆದವರು ಬಹಳ ಜನ ಲೂಡರ್ಸ್ ನಂಬರ್ ಇಷ್ಟು ಅಂತಲೇ ಬರೀತಾರೆ, ಆ ನಂಬರ್ ಹಿಡಿದ್ರೆ ಬೇರೆ ಬೇರೆ ಪುಸ್ತಕದಲ್ಲಿ ಅದೇ ಶಾಸನದ ಬಗ್ಗೆ ಏನು ಹೇಳಿದ್ದಾರೆ ಅಂತ ಜೋಡಿಸ್ಬಹುದು.

ಎಚ್ಚರ: ಜರ್ನಲ್ ಸಂಪುಟದ ಬೆನ್ನಮೇಲೆ 1947-48 ಅಂತ ಇದ್ರೂ ಪುಸ್ತಕ ಅಚ್ಚಾಗಿದ್ದು ಎಷ್ಟೋ ವರ್ಷ ತಡವಾಗಿ ಇರಬಹುದು. ಟೈಟಲ್ ಪೇಜ್ ನೋಡಿ ಎರಡೂ ವರ್ಷ ಬರ್ಕೊಳ್ಳಿ. ಯಾರಿಗೆ ಯಾವುದು ಮೊದಲೇ ಗೊತ್ತಿತ್ತು ಅನ್ನೋ ವಾದ ಮಾಡುವಾಗ ಇದು ಬೇಕಾಗುತ್ತೆ.

ಹಂತ 6: ಶಾಸನವನ್ನ ಮೂಲದಲ್ಲೇ ನೋಡಿ

ಸಂಸ್ಕೃತ ಬರಲ್ಲ, ಹಳಗನ್ನಡ ಬರಲ್ಲ ಅಂತ ಹೆದ್ರಬೇಡಿ. ಜರ್ನಲ್‌ನಲ್ಲಿ ಶಾಸನದ ಪಠ್ಯದ ಜೊತೆ ಬಹಳ ಸಲ ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿ ಇರುತ್ತೆ. ನೀವು ನೋಡ್ಬೇಕಾದದ್ದು: ಎಲ್ಲಿ ಕೆತ್ತಿದೆ, ಯಾರು ಹಾಕಿಸಿದ್ದು, ಯಾವ ವರ್ಷ, ಅದರಲ್ಲಿ ನಿಮ್ಮ ಶಿಲ್ಪದ ಬಗ್ಗೆ ನೇರವಾಗಿ ಏನಾದ್ರೂ ಇದೆಯಾ.

ಬಾದಾಮಿ 3ನೇ ಗುಹೆಯ ಶಾಸನ ತಗೊಳ್ಳಿ. ಮಂಗಳೇಶ ಹಾಕಿಸಿದ್ದು, ಆಗ ರಾಜ ಅವನ ಅಣ್ಣ ಕೀರ್ತಿವರ್ಮ, ವಿಷ್ಣುವಿನ ಗುಡಿ ಮಾಡಿಸಿದ್ದು, ಕಾರ್ತಿಕ ಹುಣ್ಣಿಮೆ, ಶಕ 500. ಇಂಡಿಯನ್ ಆಂಟಿಕ್ವರಿಲಿ ಜೆ.ಎಫ್. ಫ್ಲೀಟ್ ಪ್ರಕಟ ಮಾಡಿದ್ದಾರೆ. ಶಕ ವರ್ಷಕ್ಕೆ 78 ಸೇರಿಸಿದ್ರೆ ಕ್ರಿ.ಶ. ಬರುತ್ತೆ ಅಂತ ಎಲ್ರೂ ಕಲಿತಿರ್ತೀವಿ, ಆದ್ರೆ ಅಲ್ಲೊಂದು ಸೂಕ್ಷ್ಮ ಇದೆ. ಶಕ ವರ್ಷ ಶುರು ಆಗೋದು ಚೈತ್ರದಲ್ಲಿ. ಹಾಗಾಗಿ ತಿಂಗಳು ಮಾಘ ಫಾಲ್ಗುಣ ಆದ್ರೆ ಇಂಗ್ಲಿಷ್ ವರ್ಷ ದಾಟಿರುತ್ತೆ, 79 ಸೇರಿಸ್ಬೇಕು. ಮತ್ತೆ ಶಾಸನದಲ್ಲಿ ಹೇಳಿರೋ ವರ್ಷ ಮುಗಿದ ವರ್ಷವೋ ನಡೀತಿರೋ ವರ್ಷವೋ ಅನ್ನೋದೂ ನೋಡ್ಬೇಕು, ನಡೀತಿರೋದು ಅಂದ್ರೆ ಒಂದು ಕಮ್ಮಿ ಸೇರಿಸ್ಬೇಕು. ಈ ಶಾಸನದಲ್ಲಿ ಅತಿಕ್ರಾಂತ ಅಂತ ಸ್ಪಷ್ಟವಾಗಿ ಇದೆ, ಅಂದ್ರೆ 500 ವರ್ಷ ಕಳೆದಿದೆ, ತಿಂಗಳು ಕಾರ್ತಿಕ, ಹಾಗಾಗಿ 578. ಬೇರೆ ಬೇರೆ ಪುಸ್ತಕದಲ್ಲಿ ಒಂದು ವರ್ಷ ಆಚೆ ಈಚೆ ಕಂಡ್ರೆ ಗಾಬರಿ ಬೇಡ, ಯಾರು ಹೇಗೆ ಲೆಕ್ಕ ಹಾಕಿದ್ದಾರೆ ಅಂತ ನೋಡಿ ಒಂದು ಸಾಲು ಬರೀರಿ.

ಇನ್ನೊಂದು ದೊಡ್ಡ ತಪ್ಪು ಇಲ್ಲಿ ಆಗುತ್ತೆ. 3ನೇ ಗುಹೆಗೆ ತಾರೀಖು ಇದೆ, 2ನೇ ಗುಹೆಗೆ ಅಂಥ ತಾರೀಖಿನ ಶಾಸನ ಇಲ್ಲ. ಆದ್ರೂ ವಿದ್ಯಾರ್ಥಿಗಳು ನಾಲ್ಕೂ ಗುಹೆಗೆ 578 ಅಂತ ಬರೆದುಬಿಡ್ತಾರೆ. ಒಂದರ ತಾರೀಖು ಪಕ್ಕದ್ದಕ್ಕೆ ಹಚ್ಚಬಾರದು. 2ನೇ ಗುಹೆ ಮೊದಲು ಅಂತ ಯಾರಾದ್ರೂ ಹೇಳಿದ್ರೆ ಅದು ಶೈಲಿ ನೋಡಿ ಮಾಡಿದ ಊಹೆ, ಶಾಸನ ಹೇಳಿದ್ದಲ್ಲ. ನಿಮ್ಮ ಬರವಣಿಗೆಲಿ ಈ ಎರಡನ್ನೂ ಬೇರೆ ಬೇರೆ ಇಡಿ, ಇಡೀ ಪ್ರಾಜೆಕ್ಟ್‌ನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ.

ಹಂತ 7: ಚಿತ್ರ ಓದೋದು

ಚಿತ್ರವನ್ನ ಅಲಂಕಾರಕ್ಕೆ ಅಂಟಿಸ್ಬೇಡಿ, ಅದೇ ನಿಮ್ಮ ಸಾಕ್ಷಿ. ಒಂದೇ ಶಿಲ್ಪದ ಕನಿಷ್ಠ ಮೂರು ಫೋಟೋ ಬೇರೆ ಬೇರೆ ಪುಸ್ತಕದಿಂದ ಇಟ್ಕೊಂಡು ಕೂತ್ಕೊಳ್ಳಿ. ತ್ರಿವಿಕ್ರಮನಿಗೆ ಕೈ ಎಷ್ಟು, ಯಾವ ಕೈಲಿ ಏನಿದೆ, ಎತ್ತಿದ ಕಾಲು ಯಾವುದು, ಆ ಕಾಲಿನ ಕೆಳಗೆ ಯಾರಿದ್ದಾರೆ, ಕೊಡೆ ಹಿಡಿದ ವಾಮನ ಎಲ್ಲಿ, ಬಲಿ ಎಲ್ಲಿ. ಎರಡೂ ಗುಹೆಗೆ ಎರಡು ಕಾಲಂ ಹಾಕಿ ಪಕ್ಕ ಪಕ್ಕ ಬರೀರಿ. ಪುಸ್ತಕದಲ್ಲಿ ಬರೆದದ್ದನ್ನ ನೋಡಿ ತುಂಬಬೇಡಿ, ಫೋಟೋ ನೋಡಿ ತುಂಬಿ, ಆಮೇಲೆ ಪುಸ್ತಕದ ಜೊತೆ ತಾಳೆ ನೋಡಿ.

ಎಚ್ಚರದ ಗುರುತು ಒಂದಿದೆ. ಅಚ್ಚಿನಲ್ಲೋ ಇಂಟರ್ನೆಟ್‌ನಲ್ಲೋ ಕೆಲವು ಫೋಟೋ ಎಡಬಲ ತಿರುಗಿ ಹೋಗಿರುತ್ತೆ. ಒಂದು ಪುಸ್ತಕದಲ್ಲಿ ಎಡಗಾಲು ಎತ್ತಿದ್ರೆ ಇನ್ನೊಂದ್ರಲ್ಲಿ ಬಲಗಾಲು ಕಂಡ್ರೆ ಅದು ಶಿಲ್ಪದ ವ್ಯತ್ಯಾಸ ಅಲ್ಲ, ಪ್ರಿಂಟಿನ ತಪ್ಪು. ಚಕ್ರ, ಶಂಖ ಯಾವ ಕಡೆ ಇದೆ, ಒಡೆದ ಭಾಗ ಯಾವ ಕಡೆ ಇದೆ ಅಂತ ಮೂರನೇ ಫೋಟೋದಲ್ಲಿ ನೋಡಿದ್ರೆ ಗೊತ್ತಾಗುತ್ತೆ. ಮೂರು ಫೋಟೋ ಅಂತ ಒತ್ತಿ ಹೇಳಿದ್ದು ಇದಕ್ಕೇ.

ಸ್ಕೇಲ್ ಬೇಕಾಗೋದು ನಕ್ಷೆಗೆ. ಗುಹೆಯ ಪ್ಲಾನ್ ಇರೋ ಪುಟದಲ್ಲಿ ಅಳತೆ ಗೆರೆ ಇರುತ್ತೆ, ಅದರ ಮೇಲೆ ಸ್ಕೇಲ್ ಇಟ್ಟು ವರಾಂಡಾ ಉದ್ದ ಎಷ್ಟು, ಕಂಬ ಎಷ್ಟೆಷ್ಟು ದೂರ ಅಂತ ಲೆಕ್ಕ ಹಾಕ್ಬಹುದು. ಜೆರಾಕ್ಸ್ ಚಿಕ್ಕದು ದೊಡ್ಡದು ಮಾಡಿಸಿದ್ರೆ "ಒಂದು ಇಂಚಿಗೆ ಇಷ್ಟು ಅಡಿ" ಅನ್ನೋ ಬರಹ ಉಪಯೋಗಕ್ಕೆ ಬರಲ್ಲ, ಗೆರೆ ಮಾತ್ರ ನಂಬಿ.

ಪ್ಲೇಟ್ (ಪುಸ್ತಕದಲ್ಲಿ ಬೇರೆಯಾಗಿ ಸೇರಿಸಿದ ಚಿತ್ರದ ಹಾಳೆ) ನಂಬರ್ ಮತ್ತು ಪುಟ ನಂಬರ್ ಬೇರೆ ಬೇರೆ, ಎರಡೂ ಬರ್ಕೊಳ್ಳಿ. ಹಳೇ ಪ್ಲೇಟ್ ಹಾಳೆ ಒಣಗಿ ಮುರಿಯೋ ಹಾಗಿರುತ್ತೆ, ಜೆರಾಕ್ಸ್ ಮೆಷಿನ್ ಮೇಲೆ ಒತ್ತಬೇಡಿ, ಪರ್ಮಿಷನ್ ಕೇಳಿ ಫ್ಲಾಶ್ ಇಲ್ದೆ ಫೋನಲ್ಲಿ ತೆಗೀರಿ. ಮಡಚಿದ ನಕ್ಷೆ ಬಿಡಿಸುವಾಗ ಮಡಿಕೆ ಹರಿಯುತ್ತೆ, ಎರಡೂ ಕೈ ಉಪಯೋಗಿಸಿ. ಪ್ರತಿ ಪುಸ್ತಕದ್ದು ಫೋಟೋ ತೆಗೆಯೋಕೆ ಶುರು ಮಾಡಿದ್ರೆ ಮೊದಲ ಫೋಟೋ ಟೈಟಲ್ ಪೇಜ್, ಎರಡನೇದು ಅದರ ಹಿಂಬದಿ, ಆಮೇಲೆ ಬೇಕಾದ ಪುಟ. ಈ ಕ್ರಮ ತಪ್ಪಿದ್ರೆ ತಿಂಗಳಾದ ಮೇಲೆ ಗ್ಯಾಲರಿಲಿ ಯಾವ ಪುಸ್ತಕದ್ದು ಯಾವ ಪುಟ ಅಂತ ಹೇಳೋಕಾಗಲ್ಲ.

ಮುಂಬೈನವರು ಛತ್ರಪತಿ ಶಿವಾಜಿ ಮಹಾರಾಜ್ ವಾಸ್ತು ಸಂಗ್ರಹಾಲಯಕ್ಕೆ ಹೋಗ್ಲೇಬೇಕು. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿ ಶಿಲ್ಪಗಳು ಅಲ್ಲಿವೆ. ಹಳೇ ಪುಸ್ತಕದಲ್ಲಿ ಅದೇ ಶಿಲ್ಪಗಳ ಕೆಳಗೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಬಾಂಬೆ ಅಂತ ಇರುತ್ತೆ, ಬೇರೆ ಜಾಗ ಅಂದ್ಕೋಬೇಡಿ, ಅದೇ ಮ್ಯೂಸಿಯಂ. ಪುಸ್ತಕದ ಫೋಟೋ ಕೈಲಿ ಹಿಡ್ಕೊಂಡು ನಿಜವಾದ ಕಲ್ಲಿನ ಮುಂದೆ ನಿಂತು ತಾಳೆ ನೋಡೋ ಅವಕಾಶ ಮುಂಬೈಲಿ ಇದ್ದೂ ಬಿಡೋದು ತಪ್ಪಾಗುತ್ತೆ.

ಹಂತ 8: ಆನ್‌ಲೈನ್, ಆದ್ರೆ ಲೈಬ್ರರಿ ಮೂಲಕ

ಬಹಳ ಕಾಲೇಜ್‌ಗಳಿಗೆ ಎನ್-ಲಿಸ್ಟ್ ಇದೆ, ಇ-ಪುಸ್ತಕ ಇ-ಜರ್ನಲ್ ಸಿಗುತ್ತೆ. ಲಾಗಿನ್ ಲೈಬ್ರರಿಯನ್ ಹತ್ರನೇ ಕೇಳ್ಬೇಕು, ತಾನಾಗೇ ಬರಲ್ಲ, ಹಾಗಾಗಿ ಪ್ರಾಜೆಕ್ಟ್ ಶುರು ಆದ ವಾರವೇ ಕೇಳಿಬಿಡಿ. ಜೆಸ್ಟೋರ್ ಅನ್ನೋ ಜರ್ನಲ್‌ಗಳ ವೆಬ್‌ಸೈಟ್‌ನಲ್ಲಿ ಸ್ವಂತ ಫ್ರೀ ಅಕೌಂಟ್ ಮಾಡ್ಕೊಂಡ್ರೆ 30 ದಿನಕ್ಕೆ 100 ಲೇಖನದ ತನಕ ಸ್ಕ್ರೀನ್ ಮೇಲೆ ಓದಬಹುದು.

ಶೋಧಗಂಗಾ ಅನ್ನೋ ವೆಬ್‌ಸೈಟ್‌ನಲ್ಲಿ ಪಿಎಚ್‌ಡಿ ಪ್ರಬಂಧಗಳು ಅಧ್ಯಾಯ ಅಧ್ಯಾಯವಾಗಿ ಬೇರೆ ಬೇರೆ ಫೈಲ್‌ನಲ್ಲಿ ಇರುತ್ತೆ. ಮೊದಲು ಗ್ರಂಥಸೂಚಿ ಫೈಲ್ ತೆರೀರಿ. ನಿಮ್ಮ ವಿಷ್ಯದ ಮೇಲೆ ವರ್ಷಗಟ್ಟಲೆ ಕೂತೋರು ಏನೇನು ಓದಿದ್ದಾರೆ ಅಂತ ಒಂದೇ ಕಡೆ ಸಿಗುತ್ತೆ. ಪ್ರಬಂಧದ ವಾಕ್ಯ ಎತ್ತಬೇಡಿ, ಅದರಲ್ಲಿ ಕೊಟ್ಟಿರೋ ಮೂಲಕ್ಕೆ ಹೋಗಿ.

ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಹಳೇ ಸರ್ವೆ ವರದಿ, ಗೆಜೆಟಿಯರ್, ಇಂಡಿಯನ್ ಆಂಟಿಕ್ವರಿ ಎಲ್ಲಾ ಇದೆ. ಆದ್ರೆ ಮಡಚಿದ ನಕ್ಷೆ ಬಿಡಿಸದೇ ಸ್ಕ್ಯಾನ್ ಮಾಡಿರ್ತಾರೆ, ಪ್ಲೇಟ್ ಬಿಟ್ಟುಹೋಗಿರುತ್ತೆ, ಫೋಟೋ ಕಪ್ಪು ಮಸಿ ಥರ ಬಂದಿರುತ್ತೆ. ಓದೋಕೆ ಸ್ಕ್ಯಾನ್, ಚಿತ್ರಕ್ಕೆ ಲೈಬ್ರರಿಯ ಪ್ರತಿ. ಫೈಲ್ ಒಳಗೆ ಹುಡುಕುವಾಗ ಅಕ್ಷರದ ಮೇಲೆ ಗೆರೆ ಚುಕ್ಕಿ ಇರೋ ಹೆಸರುಗಳನ್ನ ಮೆಷಿನ್ ತಪ್ಪಾಗಿ ಓದಿರುತ್ತೆ, ಫಲಿತಾಂಶ ಸೊನ್ನೆ ಬಂದ್ರೆ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ, ಕೊನೇ ಪುಟಗಳ ಇಂಡೆಕ್ಸ್ ಕಣ್ಣಲ್ಲೇ ನೋಡಿ. ಒಳ್ಳೇ ಫೋಟೋ ಬೇಕಂದ್ರೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಅವರ ಗುರುಗ್ರಾಮದ ಫೋಟೋ ಸಂಗ್ರಹ ಆನ್‌ಲೈನ್ ಇದೆ.

ಎಐ ಚಾಟ್‌ಬಾಟ್ ಕೊಡೋ ಪುಸ್ತಕದ ಪಟ್ಟಿಯನ್ನ ಓಪ್ಯಾಕ್‌ನಲ್ಲೋ ಕಪಾಟಲ್ಲೋ ಕಣ್ಣಾರೆ ನೋಡೋ ತನಕ ಬರೀಬೇಡಿ. ಇಲ್ಲದ ಪುಸ್ತಕ, ಇಲ್ಲದ ಪುಟ ಅದ್ರಲ್ಲಿ ಬರುತ್ತೆ.

ಹಂತ 9: ಸ್ವಂತ ಕಾಲೇಜಲ್ಲಿ ಮುಗಿದ ಮೇಲೆ ಹೊರಗೆ

ಇದಕ್ಕೆ ಮುಂಚೆ ಹೊರಗಿನ ಲೈಬ್ರರಿಗೆ ಓಡ್ಬೇಡಿ. ಕೈಲಿ ಪುಸ್ತಕದ ಹೆಸರು, ಸಂಪುಟ, ಪುಟ ಇರೋ ಪಟ್ಟಿ ಇರ್ಬೇಕು, ಆಗ ಒಂದು ದಿನದಲ್ಲಿ ಕೆಲಸ ಆಗುತ್ತೆ.

ಪುಣೆಲಿ ಯೆರವಡಾದ ಡೆಕ್ಕನ್ ಕಾಲೇಜ್ ಪುರಾತತ್ವಕ್ಕೆ ದೊಡ್ಡ ಜಾಗ, ಸಂಸ್ಕೃತ ಮೂಲಕ್ಕೆ ಭಂಡಾರ್ಕರ್ ಸಂಸ್ಥೆ. ಮುಂಬೈಲಿ ಫೋರ್ಟ್‌ನ ಟೌನ್ ಹಾಲ್‌ನಲ್ಲಿರೋ ಏಷ್ಯಾಟಿಕ್ ಸೊಸೈಟಿ, ಸೇಂಟ್ ಝೇವಿಯರ್ಸ್ ಕಾಲೇಜ್‌ನ ಹೆರಾಸ್ ಇನ್‌ಸ್ಟಿಟ್ಯೂಟ್, ಕಾಲಿನಾದ ಯೂನಿವರ್ಸಿಟಿ ಲೈಬ್ರರಿ. ಕಾಲಿನಾದಲ್ಲೇ ಯೂನಿವರ್ಸಿಟಿಯ ಕನ್ನಡ ವಿಭಾಗ ಇದೆ, ಕನ್ನಡದಲ್ಲಿ ಬಂದ ಸಂಶೋಧನೆ ಬಗ್ಗೆ ಅಲ್ಲಿ ವಿಚಾರಿಸಿ. ಗೋವಾದಲ್ಲಿ ಪಣಜಿ ಪಾಟೋದ ಸೆಂಟ್ರಲ್ ಲೈಬ್ರರಿ, ತಾಳೆಗಾವ್‌ನ ಗೋವಾ ಯೂನಿವರ್ಸಿಟಿ ಲೈಬ್ರರಿ, ಪೊರ್ವರಿಯ ಝೇವಿಯರ್ ಸೆಂಟರ್.

ಹೋಗೋ ಮುಂಚೆ ಫೋನ್ ಮಾಡಿ ಹೊರಗಿನವರಿಗೆ ಓದೋಕೆ ಏನು ಬೇಕು ಅಂತ ಕೇಳಿ. ಸಾಮಾನ್ಯವಾಗಿ ಕಾಲೇಜಿಂದ ಬೋನಾಫೈಡ್ ಅಥವಾ ಗೈಡ್ ಪತ್ರ, ಐಡಿ ಕೇಳ್ತಾರೆ. ಪತ್ರದಲ್ಲಿ ನಿಮ್ಮ ಟಾಪಿಕ್ ಜೊತೆ ಬೇಕಾದ ಎರಡು ಮೂರು ಪುಸ್ತಕದ ಹೆಸರನ್ನೂ ಹಾಕಿಸ್ಕೊಳ್ಳಿ.

ಕನ್ನಡದ ಕೆಲಸ ಬಿಡ್ಬೇಡಿ, ಇದು ನನ್ನ ಕಳಕಳಿಯ ಕೋರಿಕೆ. ಪಂಚಮುಖಿಯವರಿದ್ದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಬಾಂಬೆ ಸರ್ಕಾರದಿಂದಲೇ ಶುರು ಆಗಿದ್ದು, ಅವರು ತಂದ ಶಾಸನ ಸಂಪುಟಗಳನ್ನ ಇಲ್ಲಿನ ಲೈಬ್ರರಿಗಳಲ್ಲಿ ಹುಡುಕಿ ನೋಡಿ. ಕರ್ನಾಟಕ ಇತಿಹಾಸ ಅಕಾಡೆಮಿಯ ಇತಿಹಾಸ ದರ್ಶನ ಸಂಪುಟಗಳನ್ನ ಊರಿಗೆ ಹೋದಾಗ ನೋಡಿ. ಇಂಗ್ಲಿಷ್ ಪುಸ್ತಕಗಳಿಗೆ ತಲುಪದ ಸಣ್ಣ ಸಣ್ಣ ಶೋಧಗಳು ಅಲ್ಲಿ ಇರುತ್ತೆ, ಅದನ್ನ ಓದೋ ಶಕ್ತಿ ನಿಮ್ಮ ಪಕ್ಕದ ಬೆಂಚಿನವರಿಗೆ ಇಲ್ಲ, ನಿಮಗಿದೆ.

ಹಂತ 10: ಟಿಪ್ಪಣಿ, ಮತ್ತೆ ಯಾವಾಗ ನಿಲ್ಲಿಸೋದು

ನೋಟ್‌ಬುಕ್‌ನಲ್ಲಿ ಮೂರು ಥರದ ಸಾಲು ಇರುತ್ತೆ: ಪುಸ್ತಕದ ಮಾತು ಹಂಗಂಗೇ, ಪುಸ್ತಕದ ಮಾತು ನಿಮ್ಮ ಭಾಷೇಲಿ, ನಿಮ್ಮ ಸ್ವಂತ ಯೋಚ್ನೆ. ಮೂರಕ್ಕೂ ಬೇರೆ ಗುರುತು ಹಾಕಿ. ಎಷ್ಟೋ ಜನ ಕದ್ದಿದ್ದಾರೆ ಅನ್ನಿಸ್ಕೊಳ್ಳೋದು ಕದಿಯೋ ಉದ್ದೇಶದಿಂದ ಅಲ್ಲ, ಯಾವ ಸಾಲು ಯಾರದ್ದು ಅನ್ನೋದು ಮರೆತುಹೋಗಿ.

ಒಬ್ಬ ಲೇಖಕರು ಇನ್ನೊಬ್ಬರನ್ನ ಉಲ್ಲೇಖ ಮಾಡಿದ್ದನ್ನ ನೀವು ನೋಡಿ, ಮೂಲ ನೋಡದೇ ಇದ್ರೆ, ಇಂಥವರ ಪುಸ್ತಕದಲ್ಲಿ ಉದ್ಧರಿಸಿದಂತೆ ಅಂತ ಪ್ರಾಮಾಣಿಕವಾಗಿ ಬರೀರಿ. ತಪ್ಪು ಪುಟ ಸಂಖ್ಯೆ ಒಬ್ಬರಿಂದ ಒಬ್ಬರಿಗೆ ದಾಟ್ಕೊಂಡು ಬರ್ತಾನೇ ಇರುತ್ತೆ, ಮೂಲ ತೆಗೆದು ನೋಡಿದೋರು ಮಾತ್ರ ಅದನ್ನ ಹಿಡೀತಾರೆ.

ನಿಲ್ಲಿಸೋ ಗುರುತು: ಹೊಸದಾಗಿ ತೆರೆದ ಪುಸ್ತಕದ ಫುಟ್‌ನೋಟ್‌ನಲ್ಲಿ ಎಲ್ಲಾ ನಿಮ್ಮ ಪಟ್ಟಿಲಿ ಆಗಲೇ ಇರೋ ಹೆಸರುಗಳೇ ಬರೋಕೆ ಶುರು ಆದ್ರೆ ಸಾಕು, ಬರೆಯೋಕೆ ಕೂತ್ಕೊಳ್ಳಿ. ಇನ್ನೂ ಹೊಸ ಹೊಸ ಹೆಸರು ಬರ್ತಾನೇ ಇದೆ ಅಂದ್ರೆ ಪ್ರಶ್ನೆ ಇನ್ನೂ ದೊಡ್ಡದಿದೆ ಅಂತ ಅರ್ಥ, ಹಂತ 1ಕ್ಕೆ ವಾಪಸ್ ಹೋಗಿ ಒಂದು ಗುಹೆ ಅಥವಾ ಒಂದು ಮೂರ್ತಿ ಕಮ್ಮಿ ಮಾಡಿ. ಬರೆದಾದ ಮೇಲೆ ಸಬ್ಮಿಟ್ ಮಾಡೋ ಮುಂಚೆ ಪ್ರತಿ ವರ್ಷ, ಪ್ರತಿ ಪುಟ ಸಂಖ್ಯೆ, ಪ್ರತಿ ಪ್ಲೇಟ್ ನಂಬರ್ ಫೋನ್‌ನ ಫೋಟೋ ಜೊತೆ ಒಂದು ಸಲ ಟಿಕ್ ಹಾಕಿ, ಟಿಕ್ ಬೀಳದೇ ಉಳಿದದ್ದಕ್ಕೆ ಮತ್ತೆ ಲೈಬ್ರರಿಗೆ ಹೋಗಿ ನೋಡಿ, ಅದಕ್ಕೆ ಕೊನೇ ವಾರ ಖಾಲಿ ಇಟ್ಕೊಳ್ಳಿ.